ದನಿ ನಿಂತರೆ ಕೈ ನಿಲ್ಲಬೇಕು

ನರ್ಸು ಮೂರನೇ ಸಲ ಬಂದು, ಮಂಚದ ಸರಳಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಬಾಟಲಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬೆಳಿಗ್ಗೆ ಹೇಗೆ ಒಣಗಿತ್ತೋ ಈಗಲೂ ಹಾಗೇ ಒಣಗಿತ್ತು.

"ಇನ್ನೂ ಆಗ್ಲಿಲ್ವಾ ಯಜಮಾನ್ರೇ?"

"ಬಂದ್ರೆ ತಾನೇ ಹೋಗೋದು, ಸಿಸ್ಟರ್. ನನಗೆ ಬಂದೇ ಇಲ್ಲ," ಎಂದ ಹದ್ದಣ್ಣ. ಮಗ ಶಾಲೆಗೇ ಮೊದಲು ಬಂದ ಸುದ್ದಿ ಹೇಳುವವನ ಗತ್ತು ಇತ್ತು ಆ ಮಾತಿನಲ್ಲಿ.

ಹೊತ್ತು ಹನ್ನೊಂದೂವರೆ. ಹಿಂದಿನ ದಿನ ಮಧ್ಯಾಹ್ನ ಅವನ ಎಡಭುಜವನ್ನು ಕೊಯ್ದು, ಒಳಗೆ ಹರಿದಿದ್ದ ಸ್ನಾಯುವನ್ನು ಹೊಲಿದಿದ್ದರು. ಆಪರೇಷನ್ನಿಗೆಂದು ಹಾಕಿದ್ದ ಮೂತ್ರದ ಟ್ಯೂಬನ್ನು ಈ ದಿನ ಬೆಳಿಗ್ಗೆ ಆರಕ್ಕೆ ತೆಗೆದರು. ಅಲ್ಲಿಂದ ಈಚೆಗೆ ಎರಡು ಲೋಟ ಚಹಾ, ಒಂದು ಬಟ್ಟಲು ಸೂಪು, ಮುಕ್ಕಾಲು ಬಾಟಲಿ ನೀರು ಒಳಗೆ ಹೋಗಿದ್ದವು. ಹೊರಗೆ ಮಾತ್ರ ಒಂದು ತೊಟ್ಟು ಬಂದಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದಳು. ಏಳು ಗಂಟೆಗೆ ಬಂದವಳು ಕ್ಯಾಂಟೀನಿಗೆ ಹೋಗಿ ಬಾ ಎಂದರೂ ಹೋಗದೆ, ತಂದ ಕಿತ್ತಳೆಯನ್ನೇ ಸುಲಿದು ತಿಂದಿದ್ದಳು.

ಹದ್ದಣ್ಣ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ. ಕಟ್ಟಡದ ಕೆಲಸದವರು ಇಟ್ಟದ್ದು. ಎಪ್ಪತ್ತು ಮೀಟರು ಎತ್ತರದ ಕ್ರೇನಿನ ತುದಿಯಲ್ಲಿ, ಬಟ್ಟೆಯ ಬೀರುವಿಗಿಂತ ಚೂರು ದೊಡ್ಡದಾದ ಗಾಜಿನ ಗೂಡಿನಲ್ಲಿ ಕೂತು, ಕೆಳಗೆ ಯಾರು ಸಿಮೆಂಟು ಚೀಲದ ಮರೆಯಲ್ಲಿ ಮಲಗಿದ್ದಾರೆ ಎನ್ನುವುದನ್ನೂ ಬಿಡದೆ ನೋಡುವವನಿಗೆ ಇನ್ನೇನು ಹೆಸರಿಡುತ್ತಾರೆ? ಇಪ್ಪತ್ತೆರಡು ವರ್ಷ ಅದೇ ಕೆಲಸ. ಏಣಿ ಹತ್ತಲು ಇಪ್ಪತ್ತೈದು ನಿಮಿಷ, ಇಳಿಯಲು ಇಪ್ಪತ್ತು. ಮಧ್ಯೆ ಒಂದಕ್ಕೆ ಅವಸರವಾದರೆ ಕೊಕ್ಕೆಯನ್ನು ಗಾಳಿಯಲ್ಲಿ ಬಿಟ್ಟು ಇಳಿದು ಬರುವ ಹಾಗಿಲ್ಲ. ಹಾಗಾಗಿ ಬೇರೆ ಕ್ರೇನಿನವರೆಲ್ಲ ಒಂದು ಖಾಲಿ ಬಾಟಲಿಯನ್ನು ಜೊತೆಗೆ ಒಯ್ಯುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ನಮ್ಮ ಹದ್ದಣ್ಣನಿಗೆ ಅದು ಆಗದು. ಬೆಳಿಗ್ಗೆ ಒಂದೇ ಲೋಟ ನೀರು, ಹತ್ತುವ ಮುಂಚೆ ಒಂದು ಸಲ, ಸಂಜೆ ಇಳಿದ ಮೇಲೆ ಒಂದು ಸಲ, ಅಷ್ಟೇ. ದೇಹ ಅಂದರೆ ನಾಯಿ ಇದ್ದ ಹಾಗೆ, ಕೂರು ಅಂದರೆ ಕೂರಬೇಕು ಎಂದು ಅವನು ಹೇಳದೆ ಬಿಟ್ಟ ಜನ ಆ ಕಡೆ ಯಾರೂ ಉಳಿದಿರಲಿಲ್ಲ.

ಈ ಪಾಂಡಿತ್ಯದ ಪ್ರಯೋಗ ಮನೆಯವರ ಮೇಲೂ ಆಗುತ್ತಿತ್ತು. ಬಸ್ಸಿನಲ್ಲೋ ಕಾರಿನಲ್ಲೋ ದೂರ ಹೊರಟರೆ, ಮಕ್ಕಳು ಚಿಕ್ಕವರಿದ್ದಾಗಲೂ, ಎಲ್ಲರೂ ಮನೆಯಲ್ಲೇ ಮುಗಿಸಿಕೊಂಡು ಹತ್ತಬೇಕು; ನಡುವೆ ನಿಲ್ಲಿಸಿ ಅಂದವರು ಜೀವನದಲ್ಲಿ ಮುಂದೆ ಬರುವುದಿಲ್ಲ. ಹೆಂಡತಿ ಮೊದಮೊದಲು ಜಗಳ ಆಡಿದಳು. ಆಮೇಲೆ ಕಲ್ಲಿನ ಮೇಲೆ ನೀರು ಹೊಯ್ದು ಏನು ಪ್ರಯೋಜನ ಎಂದು ಬಿಟ್ಟಳು.

ಹೀಗಿರುವಾಗ ಐದೂವರೆ ಗಂಟೆ ಹೊತ್ತು ಬಾಟಲಿ ಮುಟ್ಟದೆ ಮಲಗಿದ್ದನ್ನು ಅವನು ತನ್ನ ಸಾಧನೆಗಳ ಪಟ್ಟಿಗೇ ಸೇರಿಸಿದ್ದು ಆಶ್ಚರ್ಯವೇನಲ್ಲ. ಎದುರು ಮಂಚದ ಮೇಷ್ಟ್ರು, ಕಾಲು ಮುರಿದುಕೊಂಡು ಬಂದವರು, ಬೆಳಗಿನಿಂದ ನಾಲ್ಕು ಸಲ ಬಾಟಲಿ ಕೇಳಿ ಪಡೆದಿದ್ದರು. ಅಭ್ಯಾಸ ಸಾಲದು ಮೇಷ್ಟ್ರೇ ಎಂದು ಹದ್ದಣ್ಣ ಅವರಿಗೆ ಪಾಠ ಹೇಳಿ ಮುಗಿಸಿದ್ದ. ಮೇಷ್ಟ್ರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡಿದ್ದರು.

ಅವನ ಬಲಗೈಯಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಪಕ್ಕದಲ್ಲಿ ನಿಂತ ಪೆಟ್ಟಿಗೆ ಕುಯ್ ಅಂದು, ನೋವಿನ ಔಷಧಿಯ ಒಂದು ಪಾಲು ನೇರ ರಕ್ತಕ್ಕೆ ಇಳಿಯುತ್ತಿತ್ತು. ಪೆಟ್ಟಿಗೆಗೆ ಒಂದು ಮಿತಿ ಕಟ್ಟಿದ್ದರು, ಅದಕ್ಕಿಂತ ಹೆಚ್ಚು ಒತ್ತಿದರೂ ಕೊಡುವುದಿಲ್ಲ. ನೋವಾದಾಗ ಮಾತ್ರ ಒತ್ತಿ ಎಂದು ನರ್ಸು ಹೇಳಿಯೇ ಕೊಟ್ಟಿದ್ದಳು. ಆದರೆ ಹದ್ದಣ್ಣ ಯಂತ್ರದವನು. ಕೀಲು ಕಿರುಗುಟ್ಟಿದ ಮೇಲೆ ಗ್ರೀಸು ಹಚ್ಚುವವನು ದಡ್ಡ, ಕಿರುಗುಟ್ಟುವ ಮೊದಲೇ ಹಚ್ಚುವವನು ಕೆಲಸಗಾರ ಎಂದು ನಂಬಿದವನು. ಗೋಡೆ ಗಡಿಯಾರ ನೋಡಿಕೊಂಡು, ಎಚ್ಚರ ಇದ್ದ ಹೊತ್ತೆಲ್ಲ, ಕಾಲು ಗಂಟೆಗೊಂದು ಸಲ ತಪ್ಪದೆ ಒತ್ತಿದ್ದ. ಭುಜ ಎಲ್ಲಿದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಜನ ಆಪರೇಷನ್ ಅಂದರೆ ಯಾಕೆ ಇಷ್ಟು ಹೆದರುತ್ತಾರೋ ಎಂದು ಹೆಂಡತಿಯನ್ನು ಕೇಳಿದ್ದ ಕೂಡ.

ನರ್ಸು ಹೋಗಿ, ಗಾಲಿಯ ಮೇಲಿನ ಒಂದು ಪುಟ್ಟ ಯಂತ್ರವನ್ನು ತಳ್ಳಿಕೊಂಡು ಬಂದಳು. ಪರದೆ ಎಳೆದು, ಅವನ ಕಿಬ್ಬೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, ಅದರ ಮೇಲೆ ಒಂದು ಗುಂಡನೆಯ ಹಿಡಿಯನ್ನು ಒತ್ತಿ ಹಿಡಿದಳು. ಯಂತ್ರದ ಗಾಜಿನ ಮೇಲೆ ಸಂಖ್ಯೆ ಮೂಡಿತು. ನಾನೂರ ಅರವತ್ತು.

"ಮಿಲಿ ಲೀಟರ್," ಎಂದಳು. "ಹತ್ತಿರ ಹತ್ತಿರ ಅರ್ಧ ಲೀಟರ್ ಇದೆ ಒಳಗೆ. ನಿಮಗೆ ಏನೂ ಅನ್ನಿಸ್ತಿಲ್ವಾ?"

ನಿಮ್ಮ ಯಂತ್ರ ಕೆಟ್ಟಿರಬೇಕು ಎಂದ ಹದ್ದಣ್ಣ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಕುರ್ಚಿಯಿಂದಲೇ ಹೇಳಿದಳು. ನರ್ಸು ವಾದಕ್ಕೆ ಹೋಗಲಿಲ್ಲ. ಹೆಂಡತಿಯ ಕೈ ಹಿಡಿದು ಅವನ ಹೊಟ್ಟೆಯ ಮೇಲೆ, ಹೊಕ್ಕುಳಿನ ಕೆಳಗೆ ಇಡಿಸಿದಳು. ಅಲ್ಲಿ ಗಾಳಿ ತುಂಬಿದ ಚೆಂಡಿನ ಹಾಗೆ ಏನೋ ಬಿಗಿದು ನಿಂತಿತ್ತು. ಹೆಂಡತಿಯ ಮುಖದಲ್ಲಿದ್ದ ನಗು ಇಳಿಯಿತು. ಅವಳು ಮೆಲ್ಲನೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಅವನಿಗೆ ಅವಳ ಅಂಗೈಯ ಬಿಸಿ ಗೊತ್ತಾಯಿತೇ ಹೊರತು ಅದರ ಕೆಳಗಿನದು ಏನೂ ಗೊತ್ತಾಗಲಿಲ್ಲ.

ಆಗ ನರ್ಸು ಮಂಚದ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದಳು. ಮೂತ್ರಕೋಶದ ಗೋಡೆಯ ತುಂಬ ಕೂದಲಿಗಿಂತ ಸಣ್ಣ ನರಗಳಿವೆ. ಚೀಲ ತುಂಬಿ ಹಿಗ್ಗಿದಂತೆ ಅವು ಬೆನ್ನುಹುರಿಗೆ, ಅಲ್ಲಿಂದ ತಲೆಗೆ ಸುದ್ದಿ ಕಳಿಸುತ್ತಿರುತ್ತವೆ. ಮೊದಲು ಅಪರೂಪಕ್ಕೊಂದು, ಆಮೇಲೆ ಮೇಲಿಂದ ಮೇಲೆ. ನಮಗೆ ಅವಸರ ಅನ್ನಿಸುವುದು ಅದೇ. ನೋವಿನ ಸುದ್ದಿಯೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುತ್ತದೆ. ಈ ಔಷಧಿ ಆ ದಾರಿಯಲ್ಲಿ ಕೂತು ಬರುವ ಸುದ್ದಿಯನ್ನು ತಡೆಯುತ್ತದೆ.

"ಇದು ಭುಜದ್ದು, ಇದು ಹೊಟ್ಟೆ ಕೆಳಗಿಂದು ಅಂತ ಅದಕ್ಕೆ ಭೇದ ಇಲ್ಲ. ಎರಡನ್ನೂ ಹಿಡಿದು ನಿಲ್ಲಿಸುತ್ತೆ. ನೀವು ತಡ್ಕೊಂಡಿಲ್ಲ ಯಜಮಾನ್ರೇ. ನಿಮಗೆ ಗೊತ್ತೇ ಆಗಿಲ್ಲ."

ಔಷಧಿ ಮೂತ್ರಕೋಶಕ್ಕೆ ಹಿಂಡುವ ಬಲವನ್ನೂ ಕುಗ್ಗಿಸುತ್ತದೆ, ಎಲ್ಲರಿಗೂ ಹೀಗಾಗದು, ಕೆಲವರಿಗೆ ಆಗುತ್ತದೆ ಎಂದಳು. ಇಲ್ಲಿಯ ನಿಯಮವನ್ನೂ ಹೇಳಿದಳು. ಆರುನೂರು ದಾಟಲು ಬಿಡುವುದಿಲ್ಲ. ನಾಲ್ಕು ಗಂಟೆಗೆ ಡಾಕ್ಟರು ಬರುತ್ತಾರೆ. ಅಷ್ಟರಲ್ಲಿ ತಾನಾಗಿ ಆಗದಿದ್ದರೆ ಟ್ಯೂಬು ಮತ್ತೆ ಹಾಕಲೇಬೇಕು. ಎರಡನೇ ಸಲ ಹಾಕಿದರೆ ಬೇಗ ತೆಗೆಯುವುದಿಲ್ಲ. ಒಂದು ವಾರವೋ ಎರಡು ವಾರವೋ, ಚೀಲದ ಸಮೇತ ಮನೆಗೆ ಹೋಗಬೇಕು. ಹಾಕಿಸಿಕೊಳ್ಳದೆ ಹಟ ಮಾಡಿದರೆ ಅದು ಇನ್ನೂ ಕೆಟ್ಟದ್ದು: ಅತಿಯಾಗಿ ಹಿಗ್ಗಿದ ಚೀಲ ಸಡಿಲಾಗಿ, ಮತ್ತೆ ಸರಿಯಾಗಿ ಹಿಂಡುವುದನ್ನೇ ಮರೆಯಬಹುದು.

ಚೀಲ ಅನ್ನುವ ಮಾತು ಕೇಳಿದ್ದೇ ಹದ್ದಣ್ಣನಿಗೆ ಅಪ್ಪ ನೆನಪಾದರು. ಅವನ ಅಪ್ಪ ಕೊನೆಯ ಎರಡು ವರ್ಷ ಟ್ಯೂಬು ಹಾಕಿಸಿಕೊಂಡು ಬದುಕಿದ್ದರು. ಮಂಚದ ಕಾಲಿಗೆ ಚೀಲ ನೇತುಬಿದ್ದಿರುತ್ತಿತ್ತು. ದಿನಕ್ಕೆ ಮೂರು ಹೊತ್ತು ಅದನ್ನು ಬರಿದು ಮಾಡುತ್ತಿದ್ದವನು ಇವನೇ. ಇವನಿಗೆ ಅಸಹ್ಯವೇನೂ ಆಗಿರಲಿಲ್ಲ. ಆದರೆ ಇವನು ಬಗ್ಗಿದಾಗಲೆಲ್ಲ ಅಪ್ಪ ಗೋಡೆಯ ಕಡೆ ತಿರುಗುತ್ತಿದ್ದರು. ಊರಿನವರ ಜೊತೆಗೆಲ್ಲ ಗಟ್ಟಿ ಗಂಟಲಲ್ಲಿ ಮಾತಾಡುತ್ತಿದ್ದ ಮನುಷ್ಯ, ಯಾರಾದರೂ ನೋಡಲು ಬಂದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಜೀವ ಹೋಗುವಾಗಲೂ ಗೋಡೆಯ ಕಡೆಗೇ ಮುಖ ಇತ್ತು. ತನಗೆ ಮಾತ್ರ ಆ ಗತಿ ಬರಬಾರದು ಎಂದು ಹದ್ದಣ್ಣ ಅಂದುಕೊಂಡಿದ್ದ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಪ್ರಯತ್ನ. ಔಷಧಿ ಪೆಟ್ಟಿಗೆ ಸಿಕ್ಕಿಸಿದ್ದ ಗಾಲಿಯ ಕಂಬವನ್ನು ಹೆಂಡತಿ ತಳ್ಳಿದಳು, ಇವನು ಹಿಂದೆ ನಡೆದ. ವಾರ್ಡಿನ ಕೊನೆಯ ಬಚ್ಚಲುಮನೆಯಲ್ಲಿ ಹತ್ತು ನಿಮಿಷ ನಿಂತ. ಏನೂ ಇಲ್ಲ. ನಲ್ಲಿ ಬಿಟ್ಟು ನೀರಿನ ಸದ್ದು ಕೇಳಿಸಿದರು. ಏನೂ ಇಲ್ಲ. ಬಿಸಿನೀರಲ್ಲಿ ಕೈ ಅದ್ದಿಸಿದರು. ಕೈ ಸ್ವಚ್ಛವಾಯಿತು, ಅಷ್ಟೇ. ಹೆಂಡತಿ ಬಾಗಿಲ ಸಂದಿಯಿಂದ, ಕೂಸುಗಳಿಗೆ ಮಾಡುವ ಹಾಗೆ, "ಶ್ಶ್ಶ್..." ಎಂದಳು. ಇವನಿಗೆ ನಗು ಬಂತು, ಬೇಕಾದದ್ದು ಬರಲಿಲ್ಲ. ಮೇಷ್ಟ್ರು ಪತ್ರಿಕೆ ಮಡಚಿಟ್ಟು, ಕೂತು ಪ್ರಯತ್ನಿಸಿ, ಗಂಡಸರು ಕೂತರೆ ತಪ್ಪೇನಿಲ್ಲ ಎಂದು ಸಲಹೆ ಕೊಟ್ಟರು. ಕೂತೂ ಆಯಿತು. ಬರಬೇಕಾದ ಸುದ್ದಿಯೇ ಬರದಿದ್ದಾಗ ಎಲ್ಲಿ ಒತ್ತಬೇಕು, ಏನನ್ನು ಬಿಡಬೇಕು ಎಂದೇ ಅವನಿಗೆ ತಿಳಿಯಲಿಲ್ಲ.

ವಾಪಸು ಬಂದು ಮಲಗಿದಾಗ ಒಂದೂ ಕಾಲು. ಅಭ್ಯಾಸಬಲದಿಂದ ಗುಂಡಿ ಒತ್ತಿದ. ಪೆಟ್ಟಿಗೆ ಕುಯ್ ಎಂದಿತು.

"ಹೆದರಿಕೆ ಆಗ್ತಿದೆ ಕಣೇ," ಎಂದ.

ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಹೆಂಡತಿ ಈ ಮಾತನ್ನು ಅವನ ಬಾಯಲ್ಲಿ ಕೇಳಿರಲಿಲ್ಲ. ಬಿರುಗಾಳಿಗೆ ಕ್ರೇನು ತೂಗಾಡಿದ ದಿನವೂ, ಊಟಕ್ಕೇನಿದೆ ಎಂದು ಕೇಳಿಕೊಂಡೇ ಒಳಗೆ ಬಂದವನು ಅವನು. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಒಂದೂವರೆಗೆ ನೋಡುವವರನ್ನು ಒಳಗೆ ಬಿಟ್ಟರು. ಮೊದಲು ಬಂದವನೇ ಸಿಳ್ಳೆ. ಅವನು ಹದ್ದಣ್ಣನ ಸಿಗ್ನಲ್ಲಿನವನು. ಕೊರಳಲ್ಲಿ ಯಾವಾಗಲೂ ಒಂದು ಸೀಟಿ ಇರುವುದರಿಂದ ಆ ಹೆಸರು. ಕ್ರೇನಿನ ಗೂಡಿನಿಂದ ಎಲ್ಲವೂ ಕಾಣುತ್ತದೆ ಅನ್ನುವುದು ಕೆಳಗಿನವರ ನಂಬಿಕೆ ಮಾತ್ರ. ಕಟ್ಟಡ ಮೇಲೇಳುತ್ತ ಹೋದಂತೆ ಅರ್ಧಕ್ಕರ್ಧ ಸಲ ಸರಕು ಗೋಡೆಯ ಆ ಕಡೆ, ಕಣ್ಣಿಗೆ ಮರೆಯಾದ ಜಾಗಕ್ಕೆ ಇಳಿಯಬೇಕು. ಆಗ ಸಿಳ್ಳೆ ಕೆಳಗೆ ನಿಂತು ವೈರ್‌ಲೆಸ್ಸಿನಲ್ಲಿ ಹೇಳುತ್ತಾನೆ, ಇವನು ಮೇಲೆ ಕೂತು ಇಳಿಸುತ್ತಾನೆ. ಹದಿನಾರು ವರ್ಷದಲ್ಲಿ ಇಬ್ಬರೂ ಸೇರಿ ಇಳಿಸಿದ ಸರಕು ಒಂದು ಊರಿನಷ್ಟಿರಬಹುದು.

ಸಿಳ್ಳೆ ಮೈಮೇಲಿನ ಸಿಮೆಂಟಿನ ಪುಡಿಯನ್ನೂ ಕೊಡವದೆ ಬಂದಿದ್ದ. ಬದಲಿಗೆ ಬಂದ ಹೊಸ ಕ್ರೇನಿನವನ ಕೈ ಕುಂಟೆತ್ತಿನ ಹಾಗೆ ಇದೆ ಎಂದು ದೂರು ಹೇಳುತ್ತ ಕೂತವನಿಗೆ, ಹದ್ದಣ್ಣನ ಮುಖ ನೋಡಿ ಏನೋ ಸರಿಯಿಲ್ಲ ಅನ್ನಿಸಿತು. ಹದ್ದಣ್ಣ ಏನೂ ಇಲ್ಲ ಎಂದ. ಹೆಂಡತಿ ಎಲ್ಲವನ್ನೂ ಹೇಳಿದಳು. ಸಿಳ್ಳೆ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ನಿನ್ನ ಜಂಬ ಇವತ್ತು ನಾನೂರ ಅರವತ್ತು ಮಿಲಿ ಆಯಿತು ಎಂದ. ಆಮೇಲೆ, ಒಳಗೆ ತುಂಬಿದ್ದರೂ ಏನೂ ಗೊತ್ತಾಗುತ್ತಿಲ್ಲ ಅನ್ನುವುದು ಅರ್ಥವಾದ ಮೇಲೆ, ನಗು ನಿಲ್ಲಿಸಿದ. ಅಷ್ಟರಲ್ಲಿ ಗಡಿಯಾರ ಒಂದೂ ಮುಕ್ಕಾಲಾಯಿತು. ಹದ್ದಣ್ಣನ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

"ನೋವಿದೆಯಾ ಈಗ?" ಎಂದ ಸಿಳ್ಳೆ.

"ಇಲ್ಲ."

"ಮತ್ತೆ ಯಾಕೆ ಒತ್ತುತ್ತೀಯ?"

"ಬರಬಾರದು ಅಂತ."

ಸಿಳ್ಳೆ ಪೆಟ್ಟಿಗೆ ನೋಡಿದ. ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಅಣ್ಣಾ, ಮರೆಯಲ್ಲಿ ಇಳಿಸೋವಾಗ ನನ್ನ ದನಿ ನಿಂತುಹೋದರೆ ನೀನು ಏನು ಮಾಡ್ತೀಯ?"

"ಕೈ ನಿಲ್ಲಿಸ್ತೀನಿ."

"ಯಾಕೆ? ನಾನು ಏನೂ ಹೇಳ್ತಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಇಳಿಸಬಹುದಲ್ಲ?"

ಹದ್ದಣ್ಣ ಹೆಬ್ಬೆರಳನ್ನು ಗುಂಡಿಯಿಂದ ತೆಗೆದ. ಕ್ರೇನು ಕಲಿಯುವವರಿಗೆ ಮೊದಲನೇ ದಿನ ಅವನೇ ಹೇಳಿಕೊಡುವ ಪಾಠ ಅದು. ಇಳಿಸು, ಇಳಿಸು ಎಂದು ಕೆಳಗಿನ ದನಿ ಬಿಡದೆ ಕೇಳುತ್ತಿರಬೇಕು. ದನಿ ನಿಂತರೆ ಕೈ ನಿಲ್ಲಬೇಕು. ದನಿ ಇಲ್ಲ ಅಂದರೆ ವೈರ್‌ಲೆಸ್ಸು ಸತ್ತಿರಬಹುದು, ಮನುಷ್ಯ ಬಿದ್ದಿರಬಹುದು, ಏನು ಬೇಕಾದರೂ ಆಗಿರಬಹುದು. ಮಾತು ಬೆಳ್ಳಿ ಮೌನ ಬಂಗಾರ ಅನ್ನುವುದೆಲ್ಲ ನೆಲದ ಮೇಲಿನವರಿಗೆ ಎಂದು ಅವನೇ ಎಷ್ಟು ಸಲ ಹೇಳಿಲ್ಲ. ಹಾಗಿದ್ದವನು ಬೆಳಗಿನಿಂದ, ಕೆಳಗಿನವನ ಬಾಯಿಗೆ ತಾನೇ ಬಟ್ಟೆ ತುರುಕಿ, ಏನೂ ಕೇಳಿಸುತ್ತಿಲ್ಲ ನೋಡಿ ಎಂದು ಮೀಸೆ ತಿರುವಿದ್ದ.

ಅವನು ನರ್ಸನ್ನು ಕರೆಸಿ, ಗುಂಡಿಯನ್ನು ಅವಳ ಕೈಗೆ ಕೊಟ್ಟ. ಇದನ್ನು ನಿಲ್ಲಿಸಬಹುದಾ ಎಂದು ಕೇಳಿದ. ಅವಳು ಡಾಕ್ಟರಿಗೆ ಫೋನು ಮಾಡಿದಳು. ಡಾಕ್ಟರು ಒಪ್ಪಿದರು, ಬದಲಿಗೆ ಬೇರೆ ಜಾತಿಯ ಮಾತ್ರೆ ಕೊಡಿ, ಅದು ಮೂತ್ರಕೋಶಕ್ಕೆ ಇಷ್ಟು ಅಡ್ಡ ಬರುವುದಿಲ್ಲ, ಆದರೆ ಭುಜ ನೋಯುತ್ತದೆ, ಅವರಿಗೆ ಮೊದಲೇ ಹೇಳಿಬಿಡಿ ಎಂದರು. ನರ್ಸು ಹಾಗೇ ಹೇಳಿದಳು.

"ನೋಯಲಿ ಸಿಸ್ಟರ್," ಎಂದ ಹದ್ದಣ್ಣ.

ಹೇಳುವುದು ಸುಲಭ. ಎರಡೂವರೆಯ ಹೊತ್ತಿಗೆ ಭುಜ ಎಲ್ಲಿದೆ ಅನ್ನುವುದು ನೆನಪಾಯಿತು. ಮೂರಕ್ಕೆ ಅದನ್ನು ಬಿಟ್ಟು ಬೇರೇನೂ ನೆನಪಿರಲಿಲ್ಲ. ಹೊಲಿಗೆ ಹಾಕಿದ ಜಾಗದಲ್ಲಿ ಯಾರೋ ಮೊಳೆ ಇಟ್ಟು, ಉಸಿರು ಎಳೆದಾಗೊಮ್ಮೆ ಸುತ್ತಿಗೆಯಿಂದ ಬಡಿಯುತ್ತಿದ್ದರು. ಹಣೆಯ ಮೇಲೆ ಬೆವರು ಬಂತು. ಹೆಂಡತಿ ಒರೆಸಿದಳು. ಜನ ಆಪರೇಷನ್ನಿಗೆ ಯಾಕೆ ಹೆದರುತ್ತಾರೆ ಅಂತ ಕೇಳಿದ್ದಿರಲ್ಲ ಎಂದು ಅವಳು ಅನ್ನಬಹುದಿತ್ತು, ಅನ್ನಲಿಲ್ಲ. ಯಂತ್ರ ಮತ್ತೆ ಬಂತು. ಐನೂರ ಐವತ್ತು. ಇನ್ನು ಉಳಿದದ್ದು ಐವತ್ತು, ಗಡಿಯಾರದಲ್ಲಿ ಒಂದು ಗಂಟೆ. ನರ್ಸು ಮೊಹರು ಒಡೆಯದ ಟ್ಯೂಬಿನ ಪೊಟ್ಟಣವನ್ನು ತಂದು ಪಕ್ಕದ ಮೇಜಿನ ಮೇಲೆ ಇಟ್ಟು ಹೋದಳು. ಹದ್ದಣ್ಣ ಗೋಡೆಯ ಕಡೆ ಮುಖ ತಿರುಗಿಸಲು ಹೋಗಿ, ಥಟ್ಟನೆ ಅಪ್ಪ ನೆನಪಾಗಿ, ಹೆಂಡತಿಯ ಕಡೆಗೇ ತಿರುಗಿ ಮಲಗಿದ.

ಮೂರೂ ಇಪ್ಪತ್ತೈದಕ್ಕೆ ಅವನು ಕಣ್ಣು ತೆರೆದ.

"ತಡಿ," ಎಂದ. ಯಾರೂ ಮಾತಾಡುತ್ತಿರಲಿಲ್ಲ, ಆದರೂ ತಡಿ ಎಂದ.

ಭುಜದ ನೋವಿನ ಆಚೆ, ಬಹಳ ಕೆಳಗೆ, ಏನೋ ಇತ್ತು. ಅವಸರ ಅಲ್ಲ. ಭಾರ ಅನ್ನಲೂ ಆಗದು. ಪಕ್ಕದ ಮನೆಯ ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದ ಹಾಗೆ. ಇದ್ದಿತು, ಇಲ್ಲವಾಯಿತು, ಮತ್ತೆ ಬಂತು. ಅದೇನಾ, ಅಥವಾ ಆಸೆಗೆ ಹುಟ್ಟಿದ್ದಾ ಎಂದು ಅವನಿಗೆ ಅನುಮಾನ. ಅನುಮಾನ ಆಮೇಲೆ ಪಡು, ಮೊದಲು ಏಳು ಎಂದು ಸಿಳ್ಳೆ ಎಬ್ಬಿಸಿದ. ಅವನ ಭೇಟಿಯ ಹೊತ್ತು ಮುಗಿದು ಆಗಲೇ ಬಹಳವಾಗಿತ್ತು. ಕಾವಲಿನವನು ಎರಡು ಸಲ ಬಂದು ನೋಡಿ, ಮೇಷ್ಟ್ರು ಏನೋ ಹೇಳಿದ್ದರಿಂದ ಸುಮ್ಮನೆ ಹೋಗಿದ್ದ.

ಬಚ್ಚಲುಮನೆಯಲ್ಲಿ ಅಳತೆಯ ಜಾಡಿಯನ್ನು ಎದುರಿನ ಕಟ್ಟೆಯ ಮೇಲೆ ಇಟ್ಟು ಬಾಗಿಲು ಎಳೆದುಕೊಂಡರು. ಹದ್ದಣ್ಣ ಗೋಡೆಯ ಸರಳನ್ನು ಬಲಗೈಯಲ್ಲಿ ಹಿಡಿದು ನಿಂತ. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಆ ಕುರ್ಚಿ ಸರಿದ ಸದ್ದು ಇನ್ನೂ ಇತ್ತು. ಆದರೆ ಅವನು ಅದರ ಹಿಂದೆ ಹೋದಷ್ಟೂ ಅದು ದೂರ ಹೋಯಿತು. ಮೈಯೆಲ್ಲ ಬಿಗಿದುಕೊಂಡಿತು. ಇಪ್ಪತ್ತೆರಡು ವರ್ಷ ತಡೆಯುವುದನ್ನು ಕಲಿಸಿದ ಮೈಗೆ ಬಿಡುವುದನ್ನು ಹೇಗೆ ಹೇಳುವುದು? ಎರಡು ನಿಮಿಷ ಆಯಿತು. ಮೂರಾಯಿತು.

"ಆಗ್ತಿಲ್ಲ ಕಣೋ," ಎಂದ, ಬಾಗಿಲ ಈಚೆಗೆ ಕಷ್ಟಪಟ್ಟು ಕೇಳುವಷ್ಟು.

ಹೊರಗಿನಿಂದ ಸಿಳ್ಳೆಯ ದನಿ ಬಂತು. ಮಾತಾಡುವ ದನಿಯಲ್ಲ, ಕೆಲಸದ ದನಿ. ಏರಿಳಿತ ಇಲ್ಲದ್ದು.

"ಜಾಗ ಖಾಲಿ ಇದೆ ಅಣ್ಣಾ. ಜನ ಇಲ್ಲ. ಇಳಿಸು... ಇಳಿಸು... ಇಳಿಸು..."

ಹದ್ದಣ್ಣ ಕಣ್ಣು ಮುಚ್ಚಿದ. ಹದಿನಾರು ವರ್ಷದಿಂದ ಈ ದನಿಗೆ ಅವನ ಕೈ ಯೋಚನೆ ಮಾಡದೆ ತಾನಾಗಿ ಹೊರಳುತ್ತಿತ್ತು. ಕಣ್ಣಿಗೆ ಕಾಣದ ಜಾಗಕ್ಕೆ ಎಷ್ಟು ಟನ್ನು ಕಬ್ಬಿಣವನ್ನು ಇದನ್ನು ನಂಬಿ ಇಳಿಸಿಲ್ಲ. ಸರಳನ್ನು ಹಿಡಿದಿದ್ದ ಬೆರಳು ಮೊದಲು ಸಡಿಲಾಯಿತು. ಆಮೇಲೆ ದವಡೆ. ಆಮೇಲೆ ಹೊಟ್ಟೆ.

"ಇಳಿಸು... ಇಳಿಸು... ನಿಧಾನ... ಇಳಿಸು..."

ಜಾಡಿಯ ತಳಕ್ಕೆ ನಾಲ್ಕು ಹನಿ ಬಿದ್ದ ಸದ್ದು. ನಿಂತಿತು. ಮತ್ತೆ ಎಂಟು ಹನಿ. ಆಮೇಲೆ ನಿಲ್ಲಲಿಲ್ಲ. ಹೊರಗೆ ನಿಂತ ಸಿಳ್ಳೆಗೂ ಅದು ಕೇಳಿಸಿತು, ಹೆಂಡತಿಗೂ ಕೇಳಿಸಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಳ್ಳೆ ಮಾತ್ರ ದನಿ ನಿಲ್ಲಿಸಲಿಲ್ಲ. ಸರಕು ನೆಲ ಮುಟ್ಟಿತು ಅನ್ನುವ ತನಕ ನಿಲ್ಲಿಸುವ ಹಾಗಿಲ್ಲ. ವಾರ್ಡಿನ ಆ ತುದಿಯಿಂದ ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರೂ ಅವನು ಬಾಗಿಲ ಕಡೆಗೆ ಮುಖ ಮಾಡಿ ಇಳಿಸು ಇಳಿಸು ಅನ್ನುತ್ತಲೇ ಇದ್ದ.

"ಮುಟ್ಟಿತು ಕಣೋ," ಎಂದು ಒಳಗಿನಿಂದ ಕೇಳಿದ ಮೇಲೆಯೇ ಅವನು ಉಸಿರು ಬಿಟ್ಟದ್ದು.

ಜಾಡಿಯಲ್ಲಿ ನಾನೂರ ತೊಂಬತ್ತು ಇತ್ತು. ಯಂತ್ರ ಇಟ್ಟು ನೋಡಿದರೆ ಒಳಗೆ ಉಳಿದದ್ದು ಎಂಬತ್ತು. ಎಂಬತ್ತು ಲೆಕ್ಕಕ್ಕಿಲ್ಲ ಯಜಮಾನ್ರೇ ಎಂದು ನರ್ಸು ಟ್ಯೂಬಿನ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಹೋದಳು. ನಾಲ್ಕು ಗಂಟೆಗೆ ಬಂದ ಡಾಕ್ಟರು ಕಾಗದ ನೋಡಿ, ಒಳ್ಳೆಯದಾಯಿತು, ಇನ್ನು ಎರಡು ದಿನ ಗಡಿಯಾರ ನೋಡಿಕೊಂಡು ಮೂರು ಗಂಟೆಗೊಂದು ಸಲ ಹೋಗಿ, ಅನ್ನಿಸಲಿ ಬಿಡಲಿ ಎಂದರು. ಗುಂಡಿ ಬೇಕಾ ಎಂದು ಕೇಳಿದರು. ಬೇಡ ಎಂದ. ಭುಜ ಸಿಡಿಯುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೂ ಬೇಡ ಎಂದ. ಸಿಳ್ಳೆ ಅಷ್ಟು ಹೊತ್ತಿಗೆ, ಹೊಸ ಕ್ರೇನಿನವನು ಏನು ಅನಾಹುತ ಮಾಡಿಟ್ಟಿದ್ದಾನೋ ಎನ್ನುತ್ತ ಕೆಲಸಕ್ಕೆ ಓಡಿದ್ದ. ಹೋಗುವಾಗ, ಈ ಸುದ್ದಿ ಕೆಳಗೆ ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಹದ್ದಣ್ಣನಿಗೆ ಅದರಿಂದಲೇ ಖಾತ್ರಿಯಾಯಿತು.

ಐದೂ ಮುಕ್ಕಾಲಿಗೆ, ಗಡಿಯಾರ ಹೇಳುವ ಮೊದಲೇ, ಅದು ತಾನಾಗಿ ಬಂತು. ಈ ಸಲ ಅನುಮಾನ ಇರಲಿಲ್ಲ. ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ, ಆಮೇಲೆ ಸ್ವಲ್ಪ ಜೋರಾಗಿ. ಇದೇ, ಇದೇ ಎಂದು ಹದ್ದಣ್ಣ ಸೂರು ನೋಡುತ್ತ ಮಲಗಿದ. ಐವತ್ತೈದು ವರ್ಷದಿಂದ ದಿನಕ್ಕೆ ಹತ್ತು ಸಲ ಬಂದು, ಇವನಿಂದ ಸುಮ್ಮನಿರು ಎಂದು ಬೈಸಿಕೊಂಡು ಹೋದದ್ದು ಇದೇ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಅರ್ಧ ನಿಮಿಷ ಮಿಸುಕದೆ ಅದನ್ನು ಹಾಗೇ ಕೇಳಿಸಿಕೊಂಡ. ಆಮೇಲೆ ತಡೆಯಲಿಲ್ಲ. ಎದ್ದು, ಸರಳು ಹಿಡಿದು, ಯಾರ ದನಿಯೂ ಇಲ್ಲದೆ ಹೋಗಿ ಬಂದ.

ವಾಪಸು ಬರುವಾಗ, ಎಂಟು ಹತ್ತು ಹೆಜ್ಜೆ ದೂರದಿಂದ, ಅವನಿಗೆ ಹೆಂಡತಿ ಕಂಡಳು. ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕಾಲಿನ ಮೇಲೆ ಕಾಲು ಬಿಗಿಯಾಗಿ ಹೆಣೆದಿದ್ದಳು. ಒಂದು ಪಾದ ಮಾತ್ರ ನೆಲದ ಮೇಲೆ ಸಣ್ಣಗೆ ತಟ್ಟುತ್ತಿತ್ತು. ಮುಖದಲ್ಲಿ ಏನೂ ಇರಲಿಲ್ಲ. ಅವನು ನಿಂತುಬಿಟ್ಟ. ಇವಳು ಹೀಗೆ ಕೂತದ್ದನ್ನು ಅವನು ನೂರು ಸಲ ನೋಡಿರಬೇಕು. ಬಂದು ಮಂಚದ ಮೇಲೆ ಕೂತು, ಮೆಲ್ಲಗೆ ಕೇಳಿದ:

"ನೀನು ಹೋಗಿದ್ಯಾ?"

"ಎಲ್ಲಿಗೆ?"

"ಬೆಳಿಗ್ಗೆ ಏಳಕ್ಕೆ ಬಂದವಳು. ಒಂದು ಸಲ ಆದ್ರೂ ಹೋಗಿದ್ಯಾ?"

ಅವಳು ಕೈಚೀಲದ ಹಿಡಿಯನ್ನು ನೋಡಿದಳು. "ನೀವು ಎದ್ದಾಗ ನಾನಿರಬೇಕಲ್ಲ ಅಂತ," ಎಂದಳು. "ಚಹಾದವನು ಬರ್ತಿದ್ದಾನೆ, ಕುಡಿದು ಹೋಗ್ತೀನಿ ಬಿಡಿ."

"ಚಹಾ ನಾನು ಇಸ್ಕೋತೀನಿ. ಏಳು ನೀನು."

ಅವಳು ಅವನ ಮುಖವನ್ನು ಒಮ್ಮೆ ನೋಡಿ ಎದ್ದಳು. ಮೊದಲ ನಾಲ್ಕು ಹೆಜ್ಜೆ ನಿಧಾನ ನಡೆದಳು, ಆಮೇಲೆ ಸೆರಗು ಹಿಡಿದುಕೊಂಡು ಓಡಿದಳು. ಹಿಂದೆಯೇ ಚಹಾದ ಗಾಡಿ ಬಂತು. ಹದ್ದಣ್ಣ ಎರಡು ಲೋಟ ಹಾಕಿಸಿಕೊಂಡು ಮೇಜಿನ ಮೇಲೆ ಇಡಿಸಿದ. ಮುಚ್ಚಲು ತಟ್ಟೆ ಇದೆಯಾ ಎಂದು ಕೇಳಿದ, ಇರಲಿಲ್ಲ. ತನ್ನ ಲೋಟವನ್ನು ಹಾಗೇ ಬಿಟ್ಟು, ಅವಳದ್ದರ ಮೇಲೆ ಬಲಗೈ ಅಂಗೈಯನ್ನು ಮುಚ್ಚಿ ಇಟ್ಟುಕೊಂಡು ಕೂತ. ಹಬೆ ಚುರುಕ್ಕೆನ್ನುತ್ತಿತ್ತು. ಅವಳು ಬರುವ ತನಕ ಅವನು ಕೈ ತೆಗೆಯಲಿಲ್ಲ.